ಇನ್ನೊಬ್ಬರ ಪಾತ್ರ, ನಮ್ಮ ಕತೆ

ಓದಿ ಮುಗಿಸಿದ ಕಾದಂಬರಿಯ ಪಾತ್ರವೊಂದು ತಲೆಯಿಂದ ಇಳಿಯದೇ ಹೋದಾಗ, ಅದನ್ನೇ ಇಟ್ಟುಕೊಂಡು ಮುಂದಿನ ಕತೆಯನ್ನು ತಾನೇ ಬರೆಯಬೇಕು ಅಂತ ಓದುಗನಿಗೆ ಅನಿಸುವುದುಂಟು. ಹಾಗೆ ಬರೆದದ್ದಕ್ಕೆ ಫ್ಯಾನ್ ಫಿಕ್ಷನ್ ಎಂದು ಹೆಸರು. ನಮ್ಮ ಸಂಘದ ಪತ್ರಿಕೆಗೂ ಇಂಥ ಬರಹಗಳು ಬರುತ್ತಿವೆ. ಬಂದಾಗಲೆಲ್ಲ ಎರಡು ಆಕ್ಷೇಪಣೆ ಏಳುತ್ತವೆ. ‘ಇದು ಸ್ವಂತದ್ದಲ್ಲ, ಎರವಲು, ಇದರಿಂದ ಏನು ಪ್ರಯೋಜನ?’ ಎಂಬುದು ಒಂದು. ‘ನಾಳೆ ಯಾರಾದರೂ ಕೋರ್ಟಿಗೆ ಎಳೆದರೆ?’ ಎಂಬುದು ಇನ್ನೊಂದು. ಹೀಗಾಗಿ ಒಳ್ಳೆಯದೂ ಕೆಟ್ಟದ್ದೂ ಒಂದೇ ಕಟ್ಟಿನಲ್ಲಿ ವಾಪಸು ಹೋಗುತ್ತವೆ. ನಾನು ಕಾಮರ್ಸ್ ವಿದ್ಯಾರ್ಥಿ. ವಿಮರ್ಶೆ ನನ್ನ ಕೆಲಸವಲ್ಲ; ಆದರೆ ಲಾಭ ಎಷ್ಟು, ಅಪಾಯ ಎಷ್ಟು ಎಂದು ಲೆಕ್ಕ ಹಾಕಿ ತೋರಿಸಬಲ್ಲೆ.

ಮೊದಲು ಲಾಭದ ಕಡೆ ನೋಡೋಣ. ಎರವಲು ಕತೆಗೆ ಬೆಲೆಯಿಲ್ಲ ಅನ್ನುವುದಾದರೆ ನಮ್ಮ ಸಾಹಿತ್ಯ ಚರಿತ್ರೆಯ ಅರ್ಧ ಪುಟ ಹರಿದುಹಾಕಬೇಕಾಗುತ್ತದೆ. ವ್ಯಾಸರಲ್ಲಿ ಐವರಿಗೆ ಹೆಂಡತಿಯಾದ ದ್ರೌಪದಿ ಪಂಪನಲ್ಲಿ ಅರ್ಜುನನೊಬ್ಬನ ಹೆಂಡತಿ. ನಾಗಚಂದ್ರನ ರಾವಣ ಬರೀ ದುಷ್ಟನಲ್ಲ, ಒಳ್ಳೆಯವನಾಗಿದ್ದೂ ಜಾರಿದವನು. ಗಿರೀಶ ಕಾರ್ನಾಡರು 1961ರ ‘ಯಯಾತಿ’ಯಲ್ಲಿ ಮಹಾಭಾರತದಲ್ಲಿ ಇಲ್ಲದ ಚಿತ್ರಲೇಖೆಯನ್ನು ತಂದರು. ಮಗ ತಂದೆಯ ಮುಪ್ಪನ್ನು ಹೊತ್ತುಕೊಂಡ, ಸರಿ. ಆ ಮಗನ ಹೆಂಡತಿಯ ಗತಿ ಏನು? ಮೂಲಕತೆ ಈ ಪ್ರಶ್ನೆ ಕೇಳಿರಲಿಲ್ಲ. ನಾಟಕ ಕೇಳಿತು.

ಬೆಲೆ ಇರುವುದು ಈ ಪ್ರಶ್ನೆಯಲ್ಲೇ. ಮೂಲ ಹೇಳದೆ ಬಿಟ್ಟದ್ದನ್ನು ಹೇಳಿದರೆ ಎರವಲು ಕತೆ ಸ್ವಂತದ್ದಾಗುತ್ತದೆ. ಹೇಳಿದ್ದನ್ನೇ ಹೇಳಿದರೆ ನಕಲು.

‘ಪುರಾಣ ಯಾರಪ್ಪನ ಆಸ್ತಿಯೂ ಅಲ್ಲ, ಕಾದಂಬರಿ ಹಾಗಲ್ಲವಲ್ಲ’ ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಆದ್ದರಿಂದ ಈಗ ಕಾಯ್ದೆಗೆ ಬರೋಣ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. ಲೇಖಕ ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವನ ಜೀವಮಾನವಿಡೀ, ಆಮೇಲೆ ಅವನು ತೀರಿಕೊಂಡ ವರ್ಷ ಕಳೆದು 60 ವರ್ಷ ಇರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ಪ್ರಕಟಿತ ನಾಟಕಗಳ ಹಕ್ಕು 2006ಕ್ಕೆ ಮುಗಿಯಿತು. ಅವರ ಪಾತ್ರಗಳನ್ನು ಧಾರಾಳವಾಗಿ ಮಾತಾಡಿಸಬಹುದು. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಕಾದಂಬರಿಗಳ ಹಕ್ಕು 2057ರ ಕೊನೆಯವರೆಗೆ ಇದೆ.

ಹಕ್ಕು ಇದ್ದರೆ ಬರೆಯಲೇಬಾರದೇ? ಹಾಗೇನಿಲ್ಲ. ಮೂರು ತೀರ್ಪು ನೋಡಿ.

ಒಂದು: ಆರ್. ಜಿ. ಆನಂದ್ ಎಂಬವರ ‘ಹಮ್ ಹಿಂದೂಸ್ತಾನಿ’ ನಾಟಕಕ್ಕೂ 1956ರ ‘ನ್ಯೂ ಡೆಲ್ಲಿ’ ಚಿತ್ರಕ್ಕೂ ವಸ್ತು ಒಂದೇ, ಪ್ರಾಂತ್ಯಾಭಿಮಾನ. ಹೊರನಾಡಿನಲ್ಲಿರುವ ನಮಗೆ ಚೆನ್ನಾಗಿ ಗೊತ್ತಿರುವ ವಿಷಯವೇ! 1978ರಲ್ಲಿ ಸುಪ್ರೀಂ ಕೋರ್ಟು ಚಿತ್ರದವರ ಪರ ನಿಂತಿತು. ವಿಚಾರ, ವಸ್ತು, ಕಥಾವಸ್ತುವಿಗೆ ಹಕ್ಕಿಲ್ಲ. ಅದನ್ನು ಹೇಳಿದ ರೀತಿಗೆ ಮಾತ್ರ ಹಕ್ಕು. ಎರಡನ್ನೂ ನೋಡಿದವನಿಗೆ ‘ಇದು ಅದರ ನಕಲೇ’ ಎಂದು ಸ್ಪಷ್ಟವಾಗಿ ಅನಿಸಬೇಕು, ಆಗ ಮಾತ್ರ ತಪ್ಪು.

ಎರಡು: ತೋಪ್ಪಿಲ್ ಭಾಸಿಯವರ 1952ರ ಮಲಯಾಳಂ ನಾಟಕದ ಹೆಸರಿನ ಅರ್ಥ ‘ನೀವು ನನ್ನನ್ನು ಕಮ್ಯೂನಿಸ್ಟ್ ಮಾಡಿದಿರಿ’. ಸಿವಿಕ್ ಚಂದ್ರನ್ 1995ರಲ್ಲಿ ಅದೇ ಪಾತ್ರಗಳನ್ನೂ ಕೆಲವು ಸಂಭಾಷಣೆಗಳನ್ನೂ ತೆಗೆದುಕೊಂಡು ‘ನೀವು ಯಾರನ್ನು ಕಮ್ಯೂನಿಸ್ಟ್ ಮಾಡಿದಿರಿ’ ಎಂಬ ಪ್ರತಿನಾಟಕ ಬರೆದರು. ಭಾಸಿಯವರ ವಾರಸುದಾರರು ಕೋರ್ಟಿಗೆ ಹೋದರು. ಕೇರಳ ಹೈಕೋರ್ಟು 1996ರಲ್ಲಿ ಮೂರು ಪ್ರಶ್ನೆ ಕೇಳಿತು: ಟೀಕೆಗೆ ಹೋಲಿಸಿದರೆ ತೆಗೆದುಕೊಂಡದ್ದು ಎಷ್ಟು? ಯಾವ ಉದ್ದೇಶಕ್ಕೆ? ಹೊಸದು ಹಳೆಯದಕ್ಕೆ ಪೈಪೋಟಿ ಆಗುತ್ತದೆಯೇ? ಮೂಲವನ್ನು ಟೀಕಿಸಲೆಂದೇ ತೆಗೆದುಕೊಂಡದ್ದರಿಂದ ಪ್ರತಿನಾಟಕ ಬಚಾವಾಯಿತು. ಈ ತೀರ್ಪು ಬೇರೆ ರಾಜ್ಯದ ಹೈಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ದಾರಿ ತೋರಿಸುತ್ತದೆ.

ಮೂರು: ಕಾಯ್ದೆಯಲ್ಲಿ ಪಾತ್ರಕ್ಕೇ ಪ್ರತ್ಯೇಕ ಹಕ್ಕು ಅಂತ ಬರೆದಿಲ್ಲ. ಆದರೆ 2016ರಲ್ಲಿ ‘ದಬಂಗ್’ ಚಿತ್ರದ ಚುಲ್‌ಬುಲ್ ಪಾಂಡೆಯ ಪ್ರಕರಣದಲ್ಲಿ, ಅಷ್ಟು ವಿಶಿಷ್ಟವಾಗಿ ರೂಪುಗೊಂಡ ಪಾತ್ರಕ್ಕೆ ರಕ್ಷಣೆ ಸಿಗಬಹುದು ಎಂದು ಬೊಂಬಾಯಿ ಹೈಕೋರ್ಟು ಹೇಳಿತು. ಆದರೂ ದೂರಿಗೆ ಗುರಿಯಾದ ತೆಲುಗು ಚಿತ್ರಕ್ಕೆ ತಡೆ ಕೊಡಲಿಲ್ಲ. ಅಂದರೆ ಬಾಗಿಲು ಪೂರ್ತಿ ತೆರೆದೂ ಇಲ್ಲ, ಮುಚ್ಚಿಯೂ ಇಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಕಾರಂತರ ‘ಚೋಮನ ದುಡಿ’ಯನ್ನು ಮಗಳು ಬೆಳ್ಳಿಯ ಬಾಯಿಂದ ಹೇಳಬೇಕೆಂದು ನಿಮಗೆ ಆಸೆ. ಕಾರಂತರ ಸನ್ನಿವೇಶ, ಸಂಭಾಷಣೆ ಎಲ್ಲ ಸಾಲಾಗಿ ಇಟ್ಟು, ‘ಅವಳು’ ಇದ್ದಲ್ಲಿ ‘ನಾನು’ ಎಂದು ತಿದ್ದಿದರೆ ಅದು ನಕಲು. ಕಾಯ್ದೆಯಲ್ಲೂ ತಪ್ಪು, ಸಾಹಿತ್ಯದಲ್ಲೂ ದಂಡ. ಆದರೆ ಸಾಲ ತೀರಿಸಲು ಕಾಫಿ ತೋಟಕ್ಕೆ ದುಡಿಯಲು ಹೋದ ಆ ಹುಡುಗಿ ಅಪ್ಪನ ಬೇಸಾಯದ ಆಸೆಯ ಬಗ್ಗೆ ಏನು ಯೋಚಿಸಿದ್ದಾಳು, ಅವಳಿಗೂ ಒಂದು ಆಸೆ ಇತ್ತೇ ಎಂದು ನಿಮ್ಮದೇ ಮಾತಿನಲ್ಲಿ, ಹೊಸ ಸನ್ನಿವೇಶದಲ್ಲಿ ಕೇಳಿದರೆ? ಕಾದಂಬರಿಗೆ ಅದು ಉತ್ತರವಾಗುತ್ತದೆ. ಕೇರಳದ ಕೋರ್ಟು ಕೇಳಿದ ಮೂರು ಪ್ರಶ್ನೆಗೂ ನಿಮ್ಮ ಹತ್ತಿರ ಮರ್ಯಾದೆಯ ಜವಾಬು ಇರುತ್ತದೆ.

ಸಾಹಿತ್ಯದ ಪರೀಕ್ಷೆ, ಕಾಯ್ದೆಯ ಪರೀಕ್ಷೆ ಎರಡೂ ಹೆಚ್ಚು ಕಡಿಮೆ ಒಂದೇ ಕಡೆ ಬಂದು ನಿಲ್ಲುವುದನ್ನು ಗಮನಿಸಿದಿರಾ? ಮೂಲವನ್ನು ನೀವು ಪ್ರಶ್ನಿಸುತ್ತಿದ್ದೀರೋ, ಪುನಃ ಬರೆಯುತ್ತಿದ್ದೀರೋ?

ಎರಡು ತಪ್ಪು ತಿಳುವಳಿಕೆ ಹೋಗಬೇಕು. ‘ದುಡ್ಡಿಗೆ ಮಾರುವುದಿಲ್ಲ, ಆದ್ದರಿಂದ ಪರವಾಗಿಲ್ಲ’ ಅನ್ನುವುದು ಅರ್ಧ ಸತ್ಯ. ಪುಕ್ಕಟೆ ಹಂಚಿದರೂ ಪ್ರಕಟಣೆ ಪ್ರಕಟಣೆಯೇ. ‘ಮೂಲ ಲೇಖಕರ ಹೆಸರು ಹಾಕಿದ್ದೇನೆ’ ಅನ್ನುವುದು ಸೌಜನ್ಯ, ಅನುಮತಿಯಲ್ಲ. ಜೊತೆಗೆ 57ನೇ ಕಲಮು ನೆನಪಿರಲಿ: ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ, ಹಕ್ಕು ಮಾರಿದ ಮೇಲೂ ಲೇಖಕ ಕೇಳಬಲ್ಲ.

ನಮ್ಮ ಸಂಪಾದಕ ಮಂಡಳಿಗೆ ನನ್ನ ಸೂಚನೆ ಇಷ್ಟು. ಇಂಥ ಬರಹ ಬಂದರೆ ಕಣ್ಣು ಮುಚ್ಚಿ ತಿರಸ್ಕರಿಸಬೇಡಿ. ಹಕ್ಕು ಮುಗಿದ ಕೃತಿಯಾದರೆ ಗುಣ ಮಾತ್ರ ನೋಡಿ. ಹಕ್ಕು ಇರುವುದಾದರೆ ಮೂಲ ಪುಸ್ತಕವನ್ನು ಪಕ್ಕದಲ್ಲಿಟ್ಟು ಓದಿ, ಎತ್ತಿಕೊಂಡ ಸಾಲುಗಳನ್ನು ಹೊಡೆದುಹಾಕಿ. ಉಳಿದದ್ದು ತನ್ನ ಕಾಲ ಮೇಲೆ ನಿಲ್ಲುತ್ತದೋ ನೋಡಿ. ಲೇಖಕರು ಬದುಕಿದ್ದರೆ ಒಂದು ಕಾಗದ ಬರೆದು ಕೇಳಿ. ಒಪ್ಪಿದರೆ ಸಂತೋಷ, ‘ಬೇಡ’ ಎಂದರೆ ಬಿಟ್ಟುಬಿಡಿ.

ಬರೆಯುವ ಗೆಳೆಯರಿಗೆ ಒಂದೇ ಮಾತು: ಮೂಲವನ್ನು ಇನ್ನೊಂದು ಸಲ ಓದಿ. ಉತ್ತರ ಕೊಡಬೇಕಾದರೆ ಪ್ರಶ್ನೆಪತ್ರಿಕೆ ಸರಿಯಾಗಿ ಓದಿರಬೇಕಲ್ಲ!