ಮೂರನೇ ಬೌನ್ಸ್

ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಸೆಸ್ನಾ 172 ರನ್‌ವೇ ಪಕ್ಕದ ಹುಲ್ಲಿನಲ್ಲಿ ಮೂತಿ ಊರಿ ಕೂತಿದೆ. ಮುಂದಿನ ಚಕ್ರ ಮುರಿದು ಹೊಟ್ಟೆಯಡಿ ಸೇರಿಕೊಂಡಿದೆ. ಪ್ರೊಪೆಲ್ಲರ್‌ನ ಎರಡೂ ತುದಿ ಬಾಡಿದ ಬಾಳೆಎಲೆಯಂತೆ ಹಿಂದಕ್ಕೆ ಬಾಗಿವೆ. ನಿನಗೆ ಒಂದು ತರಚುಗಾಯವೂ ಆಗಿಲ್ಲ ಎಂಬ ಸಾಲನ್ನು ಎರಡು ಸಲ ಓದಿಕೊಂಡ ಮೇಲೆಯೇ ನಾನು ಕಾಫಿ ಲೋಟ ಕೈಗೆತ್ತಿಕೊಂಡದ್ದು.

‘ಗಾಳಿ ಎತ್ತಿ ಹಾಕಿತು’ ಅಂತ ಬರೆದಿದ್ದೀಯ. ಗಾಳಿಯದೂ ಒಂದು ಪಾಲು ಇರಬಹುದು, ಇಲ್ಲವೆನ್ನಲಾರೆ. ಆದರೆ ಇಳಿಯುವ ಕೊನೆಯ ಹಾದಿಯಲ್ಲಿ, ಫೈನಲ್‌ನಲ್ಲಿ, 78 ನಾಟ್ಸ್ ಇತ್ತು ಅಂತಲೂ ನೀನೇ ಬರೆದಿದ್ದೀಯಲ್ಲ. ಫ್ಲ್ಯಾಪ್ ಇಳಿಸಿದ 172ಕ್ಕೆ 60ರಿಂದ 70 ಸಾಕು. 65ರ ಬದಲು 78ರಲ್ಲಿ ಬಂದರೆ ವೇಗ ಹೆಚ್ಚಿದ್ದು ಐದನೇ ಒಂದು ಪಾಲು ಮಾತ್ರ. ವಿಮಾನ ಹೊತ್ತು ತರುವ ಶಕ್ತಿ ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ಅದು ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಅದೆಲ್ಲ ಕರಗುವ ತನಕ ವಿಮಾನ ರನ್‌ವೇ ಮೇಲೆ ತೇಲುತ್ತದೆ, ಇಳಿಯಲು ಒಪ್ಪುವುದೇ ಇಲ್ಲ. ನೀನು ಒಪ್ಪಿಸಲು ಹೋದೆ. ಮೂತಿ ತಗ್ಗಿಸಿ ನೆಲಕ್ಕೆ ಒತ್ತಿದೆ. ಪುಟಿಯಿತು.

ಮೊದಲ ಬೌನ್ಸ್ ದೊಡ್ಡ ಅಪರಾಧವೇನಲ್ಲ. ನನ್ನ ಲಾಗ್ ಬುಕ್ಕಿನಲ್ಲಿ ಅಂಥವು ಎಷ್ಟಿವೆಯೋ! ಕೆಡುವುದು ಆಮೇಲೆ. ಮೂತಿ ಮೇಲೆದ್ದದ್ದು ಕಂಡು ಗಾಬರಿಯಲ್ಲಿ ಯೋಕ್ ಮುಂದಕ್ಕೆ ತಳ್ಳುತ್ತೇವೆ. ನಮ್ಮ ಕೈ ಕೆಲಸ ಮಾಡುವ ಹೊತ್ತಿಗೆ ಮೂತಿ ತಾನಾಗಿಯೇ ಇಳಿಯತೊಡಗಿರುತ್ತದೆ. ಎರಡೂ ಕೂಡಿ ಮುಂದಿನ ಚಕ್ರವೇ ಮೊದಲು ನೆಲಕ್ಕೆ ಬಡಿದು ವಿಮಾನ ಇನ್ನೂ ಎತ್ತರಕ್ಕೆ ಹಾರುತ್ತದೆ. ಉಯ್ಯಾಲೆ ನಿಲ್ಲಿಸುತ್ತೇನೆಂದು ಹೋಗಿ ಪ್ರತಿ ಸಲವೂ ಜೀಕಿಬಿಟ್ಟ ಹಾಗೆ. ಇದಕ್ಕೆ ಪೋರ್ಪಾಯಿಸಿಂಗ್ ಅನ್ನುತ್ತಾರೆ, ನೀರಿನಿಂದ ನೆಗೆನೆಗೆದು ಮುಳುಗುವ ಕಡಲ ಪ್ರಾಣಿಯ ಹೆಸರಿನ ಮೇಲೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಮುಂದಿನ ಚಕ್ರದ ಆ ಸಣಕಲು ಕಾಲು ತಡೆಯುವುದು ಕಷ್ಟ.

ಮದ್ದು ನಿನಗೆ ಬಾಯಿಪಾಠ. ಥ್ರಾಟಲ್ ಪೂರ್ತಿ, ಮೂತಿ ಅಲುಗದಂತೆ ಹಿಡಿ, ಫ್ಲ್ಯಾಪ್ ಹಂತಹಂತವಾಗಿ ಎತ್ತು, ಇನ್ನೊಂದು ಸುತ್ತು ಹೋಗು. ಗೊತ್ತಿದ್ದೂ ಯಾಕೆ ಹೋಗಲಿಲ್ಲ? ಉತ್ತರ ನಿನ್ನ ಕಾಗದದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿದೆ: ‘ಕೈ ಥ್ರಾಟಲ್ ಮೇಲೇ ಇತ್ತು ದೊಡ್ಡಪ್ಪ, ಆದ್ರೆ ಸರ್ ಹೊರಗೆ ನಿಂತು ನೋಡ್ತಾ ಇದ್ರು.’

ಅಪಘಾತ ಆದದ್ದು ಅಲ್ಲಿ, ಪುಟ್ಟಿ. ಕಲಿಸುವವರ ಕಣ್ಣೆದುರಿನ ಆ ನಾಚಿಕೆಯನ್ನು ನಾನೂ ಬಲ್ಲೆ. ನಾನು ಕಲಿತದ್ದು ಎಚ್‌ಎಎಲ್ ಬೆಂಗಳೂರಿನಲ್ಲೇ ಕಟ್ಟಿದ ಪುಷ್ಪಕ್‌ನಲ್ಲಿ. ಚಿಕ್ಕ ಚಕ್ರ ಬಾಲದಲ್ಲಿರುವ ವಿಮಾನ ಅದು, ನೆಲಕ್ಕಿಳಿದ ಮೇಲೂ ಪಾದ ಎಚ್ಚರವಾಗಿರಬೇಕು. ನನ್ನದು ಇರಲಿಲ್ಲ. ವಿಮಾನ ಗಿರಕಿ ಹೊಡೆದು ರೆಕ್ಕೆಯ ತುದಿ ಮಣ್ಣು ಕೆರೆಯಿತು. ರಡರ್ ಸಿಕ್ಕಿಕೊಂಡಿತು ಅಂದುಬಿಟ್ಟೆ. ಮೆಕ್ಯಾನಿಕ್ ಎರಡು ದಿನ ಕೇಬಲ್ ಉದ್ದಕ್ಕೂ ತಡಕಿದರು. ಏನೂ ಸಿಗಲಿಲ್ಲ. ನನಗೊಂದು ಮಾತೂ ಆಡದೆ, ಚಿಂದಿಯಲ್ಲಿ ಕೈಯ ಗ್ರೀಸ್ ಒರೆಸಿಕೊಂಡು ಹೋದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಹಾಗಾಗಿ ನಾಳೆ ಹೇಳಿಕೆ ಬರೆಯುವಾಗ ಗಾಳಿಯನ್ನು ಅದರ ಪಾಲಿಗೆ ಬಿಟ್ಟು 78 ಅಂತ ಬರೆ, ತಳ್ಳಿದೆ ಅಂತ ಬರೆ, ಸರ್ ನೋಡುತ್ತಿದ್ದರು ಅನ್ನುವುದನ್ನೂ ಬರೆ. ತನಿಖೆ ಇರುವುದು ಮುಂದಿನ ಅಪಘಾತ ತಪ್ಪಿಸಲೇ ಹೊರತು ತಪ್ಪು ಹೊರಿಸಲಲ್ಲ ಎಂದು ನಮ್ಮ 2017ರ ವಿಮಾನ ಅಪಘಾತ ತನಿಖಾ ನಿಯಮಗಳೇ ಹೇಳುತ್ತವೆ. ಬೈಗುಳ ಬೀಳುವುದಿಲ್ಲ ಅಂತಲ್ಲ, ಬೀಳುತ್ತದೆ. ಪ್ರೊಪೆಲ್ಲರ್ ನೆಲಕ್ಕೆ ಬಡಿದ ಮೇಲೆ, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಎಂಜಿನ್ ಬಿಚ್ಚಿ ಕ್ರ್ಯಾಂಕ್‌ಶಾಫ್ಟ್ ನೋಡಲೇಬೇಕು, ಅಲ್ಲಿಯವರೆಗೆ ವಿಮಾನ ಹ್ಯಾಂಗರಿನಲ್ಲಿ, ನಿನ್ನ ಬ್ಯಾಚಿನವರ ಗೊಣಗಾಟ ನಿನ್ನ ಕಿವಿಯಲ್ಲಿ. ಅಲ್ಲದೆ ಆ ಪ್ರೊಪೆಲ್ಲರ್ ಸುಮ್ಮನಿರುವುದಿಲ್ಲ. ಪವರ್ ಕೊಟ್ಟಿದ್ದಾಗ ನೆಲ ತಾಗಿದರೆ ತುದಿ ಸಾಮಾನ್ಯವಾಗಿ ಮುಂದಕ್ಕೆ ಸುರುಳಿಯಾಗುತ್ತದೆ. ನಿನ್ನದು ಹಿಂದಕ್ಕೆ ಬಾಗಿದೆ. ಥ್ರಾಟಲ್ ಎಲ್ಲಿತ್ತು ಅಂತ ಬಲ್ಲವರಿಗೆ ಆ ಫೋಟೊ ಸಾಕು.

ಇನ್ನೊಂದು ವಿಷಯ. ನಿಮ್ಮಮ್ಮ ಈಗಷ್ಟೇ ಫೋನ್ ಮಾಡಿ, ಪುಟ್ಟಿ ಮೊನ್ನೆಯಿಂದ ಯಾಕೋ ಸರಿಯಾಗಿ ಮಾತಾಡುತ್ತಿಲ್ಲ ಭಾವ, ನಿಮಗೇನಾದರೂ ಗೊತ್ತಾ ಅಂದಳು. ಗೊತ್ತಿಲ್ಲ ಅಂದೆ. ಸಂಜೆಯೊಳಗೆ ನೀನೇ ಹೇಳಿಬಿಡು.

ನಿನ್ನ
ದೊಡ್ಡಪ್ಪ