ಮೂರು ನಿಮಿಷಕ್ಕೆ ನೂರು ಸುತ್ತು

ಮೂರೂವರೆ ಸಾವಿರಕ್ಕೆ ಗಿಟ್ಟಿಸಿದ ಟರ್ನ್‌ಟೇಬಲ್ಲನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದ ದಿನ ಈ ಅಂಕಣಕಾರನಿಗೆ ತನ್ನ ವ್ಯವಹಾರಜ್ಞಾನದ ಬಗ್ಗೆ ಭಾರೀ ಹೆಮ್ಮೆಯಿತ್ತು. ಅಮೆರಿಕದಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ವಾಪಸಾದ ದಂಪತಿ ಮಾರಿದ ಯಂತ್ರ. ಮರದ ಪೀಠ, ಬೆಲ್ಟ್ ಡ್ರೈವ್, ಒಂದೂ ಗೀರಿಲ್ಲದ ಮುಚ್ಚಳ. ಚೌಕಾಶಿ ಮಾಡಿ ಐನೂರು ಇಳಿಸಿಯೂ ಇದ್ದ.

ಅಲ್ಲಿನ ಯಂತ್ರಕ್ಕೆ ಬೇಕಾದದ್ದು 120 ವೋಲ್ಟ್, ನಮ್ಮ ಗೋಡೆಯಲ್ಲಿ ಬರುವುದು 230. ಅಷ್ಟು ಅವನಿಗೂ ಗೊತ್ತಿತ್ತು. ದಾರಿಯಲ್ಲೇ ಒಂದು ಅಂಗಡಿಗೆ ನುಗ್ಗಿ ಟ್ರಾನ್ಸ್‌ಫಾರ್ಮರ್ ಕೇಳಿದ. ‘ಇದೊಂದು ಹಾಕಿದ್ರೆ ಆಯ್ತು ಸಾರ್, ಇನ್ನೇನೂ ಬೇಡ’ ಅಂತ 1,200 ರೂಪಾಯಿಗೆ ಕೊಟ್ಟರು. ಸಂಜೆ ಗೆಳೆಯನಿಂದ ಎರವಲು ತಂದ ಆಂಪ್ಲಿಫೈಯರಿಗೆ ಜೋಡಿಸಿ, ಪಿ.ಬಿ. ಶ್ರೀನಿವಾಸ್ ಹಾಡಿದ ಪ್ಲೇಟು ಹಾಕಿದ. ನೆಗಡಿ ಹಿಡಿದಂತಿತ್ತು. ಎಸ್. ಜಾನಕಿ ಅವರದನ್ನು ಹಾಕಿದಾಗ ಅಡುಗೆಮನೆಯಿಂದ ಹೆಂಡತಿ ಕೇಳಿದಳು: ‘ಇದ್ಯಾರು ಹಾಡ್ತಿರೋದು?’

ಹಾಡುತ್ತಿದ್ದವರು ಜಾನಕಿಯೇ. ಆದರೆ ಮೂರು ಸ್ವರಸ್ಥಾನ ಕೆಳಗೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಹಳೆಯ ಬೆಲ್ಟ್ ಡ್ರೈವ್ ಯಂತ್ರಗಳಲ್ಲಿ ಬಹಳಷ್ಟಕ್ಕೆ ಇರುವುದು ಸಿಂಕ್ರೊನಸ್ ಮೋಟಾರು. ಅದರ ವೇಗ ಕರೆಂಟಿನ ಆವರ್ತನಕ್ಕೇ ಕಟ್ಟುಬಿದ್ದಿರುತ್ತದೆ. ಹಾಗಾಗಿ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗಬೇಕಾದ ತಟ್ಟೆ ಇಲ್ಲಿ 27.8 ಸುತ್ತು ತಿರುಗುತ್ತದೆ. ಇದನ್ನು ಹಿಡಿಯಲು ಯಾವ ಉಪಕರಣವೂ ಬೇಡ. ತಟ್ಟೆಯ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ, ಮೊಬೈಲಿನಲ್ಲಿ ಮೂರು ನಿಮಿಷ ಇಟ್ಟು ಎಣಿಸಿದರೆ ಸರಿಯಾಗಿ ನೂರು ಸುತ್ತು ಬರಬೇಕು. ಅವನ ಯಂತ್ರದಲ್ಲಿ ಬಂದದ್ದು 83.

ಈ ಎಣಿಕೆಯನ್ನು ಮಾರುವವರ ಮನೆಯಲ್ಲೇ ಮಾಡಬಹುದಿತ್ತು ಅಂತ ಹೊಳೆದದ್ದು ಆಮೇಲೆ. ಯಂತ್ರದ ಹಿಂದಿನ ಚೀಟಿಯನ್ನಾದರೂ ಓದಬಹುದಿತ್ತು: ‘60 ಹರ್ಟ್ಸ್’ ಅಂತ ಮಾತ್ರ ಇದ್ದರೆ ಎಚ್ಚರ, ‘50/60’ ಇದ್ದರೆ ಉಸಿರು ಬಿಡಬಹುದು. ಜಪಾನಿನಲ್ಲಿ ಟೋಕಿಯೊ ಕಡೆ 50, ಒಸಾಕಾ ಕಡೆ 60 ಹರ್ಟ್ಸ್ ಇರುವುದರಿಂದ ಅಲ್ಲಿನ ಕೆಲವು ಹಳೆಯ ಯಂತ್ರಗಳ ಜೊತೆ ಎರಡಕ್ಕೂ ಮೋಟಾರಿನ ರಾಟೆ (ಬೆಲ್ಟು ಸುತ್ತುವ ಚಕ್ರ) ಕೊಡುತ್ತಿದ್ದರು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ರಂಥ ಡೈರೆಕ್ಟ್ ಡ್ರೈವ್ ಯಂತ್ರಗಳಿಗೆ ಈ ಗೋಳೇ ಇಲ್ಲ. ಅವುಗಳ ಬೆಲೆ ಬೇರೆಯೇ ಗೋಳು.

ಪರಿಹಾರ ಸಿಕ್ಕಿದ್ದು ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ. ಮೋಟಾರು ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿದರೆ, ಅದರ ತುದಿಯ ರಾಟೆ ಐದಕ್ಕೆ ಆರು ಪಾಲು ದಪ್ಪಗಿದ್ದರೆ ಸಾಕು. ಹಳೆಯ ರಾಟೆಯ ಅಳತೆ 9.4 ಮಿಲಿಮೀಟರ್. 1.2ರಿಂದ ಗುಣಿಸಿ 11.28 ಅಂತ ಚೀಟಿಯಲ್ಲಿ ಬರೆದುಕೊಟ್ಟ. ಹಿತ್ತಾಳೆಯ ರಾಟೆ ಮಾರನೆಯ ದಿನ ಕೈಗೆ ಬಂತು, 350 ರೂಪಾಯಿ. ಎಣಿಸಿದ: 99 ಸುತ್ತು. ಮತ್ತೆ ಎಣಿಸಿದ: 99.

ಲೇತಿನ ಮೇಸ್ತ್ರಿ ರಾಟೆಯನ್ನೇನೂ ನೋಡಲಿಲ್ಲ, ಬೆಲ್ಟನ್ನು ಕೈಗೆ ತೆಗೆದುಕೊಂಡು ಬೆರಳ ನಡುವೆ ಹೊಸಕಿದರು. ‘ಇದರ ದಪ್ಪ ಯಾರು ಸೇರಿಸ್ತಾರೆ?’ ಅಂದರು. ಬೆಲ್ಟಿನ ದಪ್ಪ 0.6 ಮಿಲಿಮೀಟರ್. ರಾಟೆಯ ಎರಡೂ ಬದಿಯ ಅರ್ಧರ್ಧ ದಪ್ಪ ಸೇರಿದರೆ ನಿಜವಾದ ವ್ಯಾಸ 10; ಅದು 12 ಆಗಬೇಕು; ಅಂದರೆ ರಾಟೆ 11.4 ಇರಬೇಕು. ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ತಪ್ಪಿಗೆ ಇನ್ನೊಂದು 350 ರೂಪಾಯಿ ತೆತ್ತ. ಪಿ.ಬಿ. ಶ್ರೀನಿವಾಸರ ನೆಗಡಿ ವಾಸಿಯಾಯಿತು.

ಉಳಿದ ರಿಪೇರಿ ಹೇಳುವಂಥದ್ದಲ್ಲ. ಸಡಿಲವಾದ ಬೆಲ್ಟಿಗೆ ಬದಲು ಹೊಸದು, 450. ನಡುಗಂಬದ ಬೇರಿಂಗನ್ನು ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ಪ್ಲೇಟು ತೊಳೆಯಲು ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್. (ಅಜ್ಜನ ಕಾಲದ 78ರ ಪ್ಲೇಟುಗಳಿಗೆ ಮಾತ್ರ ಇದನ್ನು ಸೋಕಿಸಬೇಡಿ. ಅವು ಅರಗಿನವು, ಆಲ್ಕೊಹಾಲಿಗೆ ಕರಗುತ್ತವೆ.) ಬೆಲ್ಟು ಹೋಗಿದೆ ಅಂತ ಹೆದರಿ ಒಳ್ಳೆಯ ಯಂತ್ರ ಬಿಡುವವರಿದ್ದಾರೆ. ಅದು ಅತ್ಯಂತ ಅಗ್ಗದ ಭಾಗ. ಹೆದರಬೇಕಾದದ್ದು ಬಾಗಿದ ತೋಳಿಗೆ, ಗರಗರ ಎನ್ನುವ ಬೇರಿಂಗಿಗೆ.

ತೋಳಿನ ತಲೆಯ ಮೇಲೆ ಹಳೆಯ ಮಾಲೀಕರು ಸೆಲೋಟೇಪಿನಲ್ಲಿ ಒಂದು ಸೆಂಟಿನ ಅಮೆರಿಕನ್ ನಾಣ್ಯ ಅಂಟಿಸಿದ್ದರು. ಸೂಜಿ ಹಾರಬಾರದು ಅಂತ ಎಲ್ಲ ದೇಶದ ಮನೆಗಳಲ್ಲೂ ಮಾಡುವ ಉಪಾಯ. ಆ ನಾಣ್ಯದ ತೂಕ ಎರಡೂವರೆ ಗ್ರಾಂ. 650 ರೂಪಾಯಿಯ ಪುಟ್ಟ ತಕ್ಕಡಿಯ ಮೇಲೆ ಸೂಜಿಯನ್ನಿಟ್ಟರೆ 4.6 ಗ್ರಾಂ ತೋರಿಸಿತು. ಇಂದಿನ ಸಾಧಾರಣ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ (ತೋಳಿನ ತುದಿಯಲ್ಲಿ ಸೂಜಿಯನ್ನು ಹಿಡಿದಿರುವ ಭಾಗಕ್ಕೆ) ಸಾಕಾದದ್ದು ಎರಡು ಗ್ರಾಂ. ಇಷ್ಟು ದಿನ ಪ್ಲೇಟುಗಳ ಮೇಲೆ ನೇಗಿಲು ಹೊಡೆಯುತ್ತಿದ್ದರು ಅಂತಲೇ ಲೆಕ್ಕ.

ದುಡ್ಡು ಸುರಿಯಬೇಕಾದ ಜಾಗ ಇದೇ: ಪ್ಲೇಟಿಗೆ ತಾಗುವ ತುದಿ. ಮರದ ಪೀಠಕ್ಕೆ ಪಾಲಿಶ್, ದಪ್ಪ ಕೇಬಲ್, ಹೊಸ ಮ್ಯಾಟ್ ಇವೆಲ್ಲ ಆಮೇಲೆ, ಅಥವಾ ಎಂದೂ ಬೇಡ. ಅವನು ಆರಿಸಿದ್ದು ಆಡಿಯೊ-ಟೆಕ್ನಿಕಾದ ವಿಎಂ95 ಸರಣಿ. ಕಾರಣ ಜಿಪುಣತನ. ಇದರಲ್ಲಿ ಕಾರ್ಟ್ರಿಜ್ಜಿನ ಒಡಲು ಒಂದೇ, ಸೂಜಿ ಮಾತ್ರ ಕಿತ್ತು ಬೇರೆ ದರ್ಜೆಯದನ್ನು ಸಿಕ್ಕಿಸಬಹುದು. ಯಾವ ದರ್ಜೆ ಅನ್ನುವುದಕ್ಕೆ ಅವನು ಕಾರಿನ ಮೈಲೇಜಿನ ಹಾಗೆ ಗಂಟೆಯ ಲೆಕ್ಕ ಹಾಕಿದ. ತಯಾರಕರು ಹೇಳುವ ಆಯಸ್ಸು: ಗುಂಡು ತುದಿಯ ಕೋನಿಕಲ್ 500 ಗಂಟೆ, ಎಲಿಪ್ಟಿಕಲ್ 300, ಮೈಕ್ರೊಲೀನಿಯರ್ 1,000. ವಿಚಾರಿಸಿದಾಗ ಬದಲಿ ಸೂಜಿಗೆ ಹೇಳಿದ ಬೆಲೆ ಕ್ರಮವಾಗಿ 2,400, 4,200 ಮತ್ತು 14,000. ಭಾಗಿಸಿ ನೋಡಿ: ಗಂಟೆಗೆ ಹತ್ತಿರಹತ್ತಿರ ಐದು, ಹದಿನಾಲ್ಕು, ಹದಿನಾಲ್ಕು ರೂಪಾಯಿ. ನಡುವಿನ ಎಲಿಪ್ಟಿಕಲ್ಲು ‘ಮಧ್ಯಮ ವರ್ಗದ ಆಯ್ಕೆ’ ಅಂತ ಕಂಡರೂ ದುಬಾರಿ ಸೂಜಿಯಷ್ಟೇ ತಿನ್ನುತ್ತದೆ. ಅವನ ಬಳಿ ಇರುವುದು ಹೆಚ್ಚಾಗಿ ನಾಲ್ಕು ಹಾಡಿನ ಸಿನಿಮಾ ಇಪಿಗಳು, ನಾಲ್ಕಾರು ಮನೆ ಸುತ್ತಿ ಗೀಚಿಸಿಕೊಂಡವು. ಅವುಗಳಿಗೆ ಗುಂಡು ತುದಿಯೇ ಸಾಕು ಅಂತ 3,600 ಕೊಟ್ಟು ಕೋನಿಕಲ್ ಸೂಜಿಯ ಕಾರ್ಟ್ರಿಜ್ ಕೊಂಡ.

ಮ್ಯಾಗ್ನೆಟ್ ಕಾರ್ಟ್ರಿಜ್ ಹೊರಡಿಸುವುದು ನಾಲ್ಕೇ ಮಿಲಿವೋಲ್ಟಿನಷ್ಟು ಸಂಕೇತ. ಅದನ್ನು ಹಿಗ್ಗಿಸಿ, ಪ್ಲೇಟು ಕೊರೆಯುವಾಗ ಬೇಕೆಂದೇ ತಗ್ಗಿಸಿದ ಮಂದ್ರವನ್ನು ಮತ್ತೆ ಎತ್ತಿಕೊಡಲು ಫೋನೊ ಪ್ರೀಆಂಪ್ ಬೇಕು. ಗೆಳೆಯನ ಆಂಪ್ಲಿಫೈಯರನ್ನು ಹಿಂತಿರುಗಿಸಿದ ಮೇಲೆ ಈ ಪ್ರೀಆಂಪಿಗೆ 2,400. ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರ್ ಮನೆಯಲ್ಲಿರುವವರು ಇದನ್ನೆಲ್ಲ ಓದಿ ಕಾರ್ಟ್ರಿಜ್ ಕೊಳ್ಳಲು ಹೊರಡಬಾರದು. ಅದರ ತೋಳು ಹಗುರ ಸೂಜಿಗಾಗಿ ಮಾಡಿದ್ದಲ್ಲ. ಅದನ್ನು ಇದ್ದ ಹಾಗೇ ರಿಪೇರಿ ಮಾಡಿಸಿ, ನೆನಪಿಗೆ ಇಟ್ಟುಕೊಳ್ಳುವುದು ಲೇಸು.

ಎಣ್ಣೆ, ಬ್ರಶ್ಶು, ಆಲ್ಕೊಹಾಲಿನ 400 ಸೇರಿ ಒಟ್ಟು 12,900 ರೂಪಾಯಿ. ಆ ತಿಂಗಳು ಹೊಸದೊಂದು ಆರಂಭಿಕ ಯಂತ್ರಕ್ಕೆ ಅವನಿಗೆ ಹೇಳಿದ್ದ ಬೆಲೆ 15 ಸಾವಿರದ ಆಸುಪಾಸು. ಉಳಿದದ್ದು ಎರಡು ಸಾವಿರ, ಅದರಲ್ಲಿ ಪೀಣ್ಯಕ್ಕೆ ಮೂರು ಸಲ ಓಡಾಡಿದ ಖರ್ಚು ಸೇರಿಲ್ಲ. ಅಗ್ಗಕ್ಕೆ ಸಿಕ್ಕಿತು ಅನ್ನುವ ಮಾತನ್ನು ಅವನು ಮನೆಯಲ್ಲಿ ಈಗ ಎತ್ತುವುದಿಲ್ಲ. ಆದರೆ ಆ ದರ್ಜೆಯ ಹೊಸ ಯಂತ್ರಗಳಲ್ಲಿ ತೋಳಿನ ಭಾರ ತಿದ್ದಲಾಗದ, ಕಾರ್ಟ್ರಿಜ್ ಬದಲಿಸಲಾಗದಂಥವು ಇವೆ. ಇದರಲ್ಲಿ ಎರಡೂ ಆಗುತ್ತದೆ. ಅಷ್ಟರಮಟ್ಟಿಗೆ ವ್ಯಾಪಾರ ನಷ್ಟದ್ದಲ್ಲ.

ನೀವೂ ಹಳೆಯದನ್ನೇ ಕೊಳ್ಳುವುದಾದರೆ ಕಾಗದದ ಚೂರು, ಗೋಂದು ಜೇಬಿನಲ್ಲಿರಲಿ. ಮೂರು ನಿಮಿಷ ಎಣಿಸಿ. ನೂರಕ್ಕೆ ಎಷ್ಟು ಕಡಿಮೆ ಬರುತ್ತದೋ ನೋಡಿ, ಚೌಕಾಶಿಯನ್ನು ಅಲ್ಲಿಂದ ಶುರುಮಾಡಿ.