ಹಳೆಯ ಯೆಜ್ಡಿಯ ಆರೈಕೆ
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಬೆಂಗಳೂರಿನ ಹವ್ಯಾಸಿಗಳು ಜತನದಿಂದ ಉಳಿಸಿಕೊಂಡು ಬಂದಿದ್ದು, ವಿಜಯನಗರದ ಇಕ್ಕಟ್ಟಾದ ಮನೆಯಂಗಳದಲ್ಲಿ ಈ ಕೆಲಸಕ್ಕೆ ಹೊಸದಾಗಿ ತೊಡಗುವವರು ಇಡೀ ಎಂಜಿನ್ ಬಿಚ್ಚುವ ಬದಲು, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಒದಗಿಸುವ ಕಾರ್ಬುರೇಟರಿನಿಂದ ಆರಂಭಿಸುವುದು ಲೇಸು. ಅದರೊಳಗಿನ ಜೆಟ್, ಎಂದರೆ ಪೆಟ್ರೋಲ್ ಹಾಯುವ ಸೂಕ್ಷ್ಮ ರಂಧ್ರವುಳ್ಳ ಹಿತ್ತಾಳೆಯ ತುಣುಕನ್ನು ತಂತಿಯಿಂದ ಚುಚ್ಚಿದರೆ ರಂಧ್ರ ಹಿಗ್ಗಿ ಮಿಶ್ರಣದ ಪ್ರಮಾಣವೇ ಕೆಡುವುದರಿಂದ, ಕ್ಲೀನರ್ ದ್ರವವನ್ನೂ ಗಾಳಿಯ ಒತ್ತಡವನ್ನೂ ಮಾತ್ರ ಬಳಸಬೇಕು.

ಟ್ಯಾಂಕಿನ ಒಳತುಕ್ಕನ್ನು ಬಿಡಿಸಲು ವಿನೆಗರ್ ಸಾಕಾದರೂ, ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಆಮ್ಲದ ಅಂಶವನ್ನು ತೊಳೆದು, ಚೆನ್ನಾಗಿ ಒಣಗಿಸಿ, ಟೂ-ಸ್ಟ್ರೋಕ್ ಎಣ್ಣೆಯನ್ನು ಒಳಗೆಲ್ಲ ಸವರದಿದ್ದರೆ ತುಕ್ಕು ಬಹುಬೇಗ ಮರಳುತ್ತದೆ. ಪೆಟ್ರೋಲಿನ ಆವಿ ಉಳಿದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವುದಂತೂ ಪ್ರಾಣಕ್ಕೇ ಅಪಾಯ.

ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನು ಹನ್ನೆರಡಕ್ಕೆ ಏರಿಸುವವರು ಬ್ಯಾಟರಿಯೊಂದಿಗೆ ಬಲ್ಬು, ಹಾರ್ನ್, ರೆಗ್ಯುಲೇಟರುಗಳನ್ನೂ ಬದಲಿಸಬೇಕು, ಆದರೆ ಕಳಚಿದ ಮೂಲಭಾಗಗಳನ್ನು ಗುಜರಿಗೆ ಹಾಕಬಾರದು, ಏಕೆಂದರೆ ಅವು ಮತ್ತೆ ಸಿಗುವುದು ದುರ್ಲಭ. ಗೇರ್‌ಬಾಕ್ಸಿನಿಂದ ಬಸಿದ ಎಣ್ಣೆಯನ್ನು ಮೋರಿಗೆ ಸುರಿದರೆ ಅದು ಈಗಾಗಲೇ ನೊಂದಿರುವ ವೃಷಭಾವತಿ ನದಿಯನ್ನು ಸೇರುವುದರಿಂದ, ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.